ಕಡಿಮೆ ಸಾಮಾನಿನ ಮನೆ, ನಾಲ್ಕು ತಿಂಗಳ ಮಳೆ: ಶಿರಸಿ–ಕುಮಟಾ ಕಡೆ ಏನಿರಬೇಕು, ಏನು ಬೇಡ?

ಹೊಸಬಾಡಿಗೆ · ಶಿರಸಿ ತಾಲೂಕು

ದೇವಿಮನೆ ಘಟ್ಟದ ಕಡೆ ಹೋಗುವ ರಸ್ತೆಯಲ್ಲಿ ಹಂಚಿನ ಮನೆ, ಬಾಡಿಗೆಗೆ. ಇಬ್ಬರೇ ಜನ. ಬಾವಿ ಇದೆ, ಕರೆಂಟ್ ಇದೆ, ಕೊಟ್ಟಿಗೆ ಖಾಲಿ. ತಿಂಗಳ ಖರ್ಚು ಇಳಿಯಬೇಕು, ಮನೆ ತುಂಬ ಸಾಮಾನು ಬೇಡ. ಫ್ರಿಜ್, ವಾಷಿಂಗ್ ಮೆಷಿನ್, ಗೀಸರ್ ಇಲ್ಲದೆ ನಡೆದರೆ ಒಳ್ಳೆಯದು. "ತಲಾ ಮೂರು ಜೊತೆ ಬಟ್ಟೆ, ಎರಡು ಪಾತ್ರೆ, ವಾರಕ್ಕೊಮ್ಮೆ ದಿನಸಿ" ಅನ್ನುವಂಥ ಪಟ್ಟಿಗಳು ನೆಟ್‌ನಲ್ಲಿ ಬೇಕಾದಷ್ಟಿವೆ. ಅವು ಇಲ್ಲಿ ನಡೆಯುತ್ತವೆಯೇ? ಜೂನ್‌ಗೆ ಮೊದಲು ಏನೇನು ಆಗಬೇಕು? ಉಪದೇಶ ಬೇಡ, ಲೆಕ್ಕ ಹೇಳಿ.

ಸೋಗೆಮಾಡು · ಸಿದ್ದಾಪುರ

ಆ ಪಟ್ಟಿ ಹತ್ತು ಹೆಜ್ಜೆಗೊಂದು ಅಂಗಡಿ ಇರುವ ಊರಿನವರು ಮಾಡಿದ್ದು. ಅಲ್ಲಿ ಅಂಗಡಿಯೇ ಅವರ ಉಗ್ರಾಣ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಗ್ರಾಣ ನಿಮ್ಮ ಮನೆಯೊಳಗೇ ಇರಬೇಕು. ಹಾಗಾಗಿ ಕಡಿಮೆ ಮಾಡಬೇಕಾದ್ದು ಯಂತ್ರ ಮತ್ತು ತಿಂಗಳ ಬಿಲ್ಲು. ದಾಸ್ತಾನಿಗೆ ಕೈ ಹಾಕಬೇಡಿ. ಮಲೆನಾಡಿನಲ್ಲಿ ಖಾಲಿ ಮನೆ ಎಂದರೆ ಸರಳ ಮನೆ ಅಲ್ಲ, ಆಗಸ್ಟ್‌ನಲ್ಲಿ ದಿನಾ ಪೇಟೆಗೆ ಓಡುವ ಮನೆ.

ಅಕ್ಕಿಯಿಂದ ಶುರು ಮಾಡಿ. ಇಬ್ಬರಿಗೆ ದಿನಕ್ಕೆ 350 ಗ್ರಾಂ ಹಿಡಿದರೆ ನಾಲ್ಕು ತಿಂಗಳಿಗೆ 42 ಕೆ.ಜಿ. ನೆಂಟರು ಬಂದೇ ಬರುತ್ತಾರೆ, 50 ಮಾಡಿಕೊಳ್ಳಿ. ಕುಚ್ಚಲಕ್ಕಿ ಆದರೆ ಒಳ್ಳೆಯದು, ಬೇಯಿಸಿ ಒಣಗಿಸಿದ ಕಾಳು ಗಟ್ಟಿ, ಹುಳು ಬೀಳುವುದು ತಡ. ಪಾಲಿಶ್ ಮಾಡದ ಬೆಳ್ತಿಗೆ ಅಕ್ಕಿಯನ್ನು ಮಾತ್ರ ನಾಲ್ಕು ತಿಂಗಳಿಗೆ ತುಂಬಿಡಬೇಡಿ, ತೌಡಿನ ಎಣ್ಣೆ ಕಮಟು ಹಿಡಿಯುತ್ತದೆ. ಮೇ ತಿಂಗಳ ಬಿಸಿಲಿಗೆ ತೆಳ್ಳಗೆ ಹರಡಿ ಒಣಗಿಸಿ. ಹಲ್ಲಿನಲ್ಲಿ ಕಡಿದರೆ ಕಟಕ್ಕೆನ್ನಬೇಕು, ಮೆತ್ತಗೆ ಒಡೆದರೆ ಒಳಗೆ ತೇವ ಇದೆ ಎಂದರ್ಥ.

ಇಲ್ಲಿ ಹೆಚ್ಚಿನವರು ಎಡವುವ ಜಾಗ ಒಂದಿದೆ: ಬಿಸಿಲಿನಿಂದ ತಂದ ಅಕ್ಕಿಯನ್ನು ಬಿಸಿಬಿಸಿಯಾಗೇ ಡಬ್ಬಕ್ಕೆ ಸುರಿದು ಮುಚ್ಚಳ ಬಿಗಿಯುವುದು. ರಾತ್ರಿ ತಗಡು ತಣ್ಣಗಾದಾಗ ಒಳಗಿನ ಆವಿ ಮುಚ್ಚಳದಡಿ ನೀರಾಗಿ ಮೇಲಿನ ಅಕ್ಕಿಗೆ ತೊಟ್ಟಿಕ್ಕುತ್ತದೆ. ಬೂಸ್ಟು ಅಲ್ಲಿಂದಲೇ ಶುರು. ಸಂಜೆ ನೆರಳಿಗೆ ತಂದು, ಪೂರ್ತಿ ಆರಿಸಿ, ಮರುದಿನ ಬೆಳಿಗ್ಗೆ ತುಂಬಿ. 50 ಕೆ.ಜಿ.ಯ ಒಂದೇ ಡ್ರಮ್ಮಿಗಿಂತ 15–20 ಕೆ.ಜಿ.ಯ ಮೂರು ಡಬ್ಬ ವಾಸಿ. ದಿನಾ ತೆಗೆಯುವುದು ಒಂದನ್ನೇ, ಉಳಿದೆರಡಕ್ಕೆ ಮಳೆಗಾಲದ ಗಾಳಿ ತಾಗುವುದಿಲ್ಲ. ಒಣಗಿದ ಲಕ್ಕಿ ಸೊಪ್ಪು ನಡುನಡುವೆ ಹಾಕುತ್ತಾರೆ, ಸೊಪ್ಪು ಪುಡಿಯಾಗುವಷ್ಟು ಒಣಗಿರಬೇಕು. ಹಸಿ ಹಾಕಿದರೆ ಹಾಕದಿದ್ದುದಕ್ಕಿಂತ ಕೆಟ್ಟದು.

ತೊಗರಿಬೇಳೆ, ಹೆಸರು, ಕಡಲೆಗೆ ಕೆ.ಜಿ.ಗೆ ಒಂದು ಚಮಚ ಹರಳೆಣ್ಣೆ ಸವರಿ ಇಡಿ. ಮೆಣಸಿನಕಾಯಿ ಡಬ್ಬಕ್ಕೆ ಹೋಗುವ ದಿನ ಮುರಿದರೆ ಸದ್ದಾಗಬೇಕು.

ಅಘನಾಶಿನಿ_ದಂಡೆ · ಕುಮಟಾ

ತರಕಾರಿ ಬಗ್ಗೆ ನನ್ನದು. ಮಾಡಿನ ಪಕಾಸಿಯೇ (ಹಂಚಿನಡಿಯ ಇಳಿಜಾರು ಮರ) ನಿಮ್ಮ ಫ್ರಿಜ್.

ಮೊಗೆಕಾಯಿ (ಪೇಟೆಯಲ್ಲಿ ಮಂಗಳೂರು ಸೌತೆ ಅನ್ನುತ್ತಾರೆ) ಪೂರ್ತಿ ಹಳದಿ ತಿರುಗಿದ್ದು, ತೊಟ್ಟು ಇರುವುದು, ಉಗುರು ತಾಗಿದ ಗುರುತೂ ಇಲ್ಲದ್ದು ಆರಿಸಿ. ಒಣಗಿದ ಬಾಳೆಪಟ್ಟೆಯನ್ನು ನೀರಲ್ಲಿ ನೆನೆಸಿ ಸೀಳಿ, ಕಾಯಿಯ ಎರಡೂ ತುದಿಗೆ ಸುತ್ತಿ, ಒಂದಕ್ಕೊಂದು ತಾಗದ ಹಾಗೆ ಸಾಲಾಗಿ ತೂಗು ಹಾಕಿ. ಪ್ಲಾಸ್ಟಿಕ್ ಹಗ್ಗ ಕಟ್ಟಿದರೆ ಭಾರಕ್ಕೆ ಸಿಪ್ಪೆ ಕೊಯ್ದು ಅಲ್ಲಿಂದಲೇ ಕೊಳೆಯುತ್ತದೆ. ಬಾಳೆಪಟ್ಟೆ ಅಗಲ, ಒತ್ತುವುದಿಲ್ಲ, ಬೆವರನ್ನೂ ಹೀರುತ್ತದೆ. ಗೋಡೆಗೆ ತಾಗಬಾರದು. ವಾರಕ್ಕೊಮ್ಮೆ ಕೆಳಗಿನ ತುದಿ ಒತ್ತಿ ನೋಡಿ, ಮೆತ್ತಗಾದದ್ದು ಅವತ್ತಿನ ಹುಳಿಗೆ ಹೋಗಲಿ. ಒಂದು ಕಾಯಿ ಸೋರಿ ಪಕ್ಕದ್ದಕ್ಕೆ ತಾಗಿದರೆ ಸಾಲು ಪೂರಾ ಹೋಗುತ್ತದೆ.

ಬೂದುಗುಂಬಳದ ಬೂದಿ ಒರೆಸಬೇಡಿ, ನೀರು ಒಳಹೋಗದಂತೆ ತಡೆಯುವುದು ಅದೇ. ಸಿಮೆಂಟ್ ನೆಲದ ಮೇಲೆ ಕೂರಿಸಿದರೆ ಅಡಿ ಬೆವರುತ್ತದೆ, ಹಲಗೆಯ ಮೇಲೆ ಒಣಹುಲ್ಲು ಹಾಕಿ ಇಡಿ.

ಕುಮಟಾ ಈರುಳ್ಳಿ ಏಪ್ರಿಲ್–ಮೇನಲ್ಲಿ ಅಳ್ವೆಕೋಡಿ, ಹಂದಿಗೋಣ ಕಡೆ ಹೆದ್ದಾರಿ ಬದಿಗೇ ಹೆಣೆದು ತೂಗುಹಾಕಿ ಮಾರುತ್ತಾರೆ. ಬಣ್ಣ ನೋಡಿ ಕೊಳ್ಳಬೇಡಿ, ಕುತ್ತಿಗೆ ನೋಡಿ. ಗಡ್ಡೆಯ ಮೇಲಿನ ಕುತ್ತಿಗೆ ಕಾಗದದಷ್ಟು ಒಣಗಿ ಸಪೂರ ಆಗಿದ್ದರೆ ಉಳಿಯುತ್ತದೆ. ಬೆರಳಿಗೆ ಮೆತ್ತಗೆ ಸಿಕ್ಕಿದರೆ ಜೂನ್ ದಾಟುವುದಿಲ್ಲ. ಮುಂಗಾರಿಗೆ ಮುಂಚಿನ ಮಳೆ ತಾಗಿದ ಮಾಲು ಅಗ್ಗಕ್ಕೆ ಕೊಟ್ಟರೂ ಬೇಡ. ಮನೆಯಲ್ಲಿ ಗಾಳಿ ಆಡುವ ಜಗಲಿಯಲ್ಲಿ ತೂಗಿ, ಅಡುಗೆಮನೆಯ ಹಬೆಗೆ ಬೇಡ.

ತೆಂಗಿನಕಾಯಿ ಜುಟ್ಟು ಕೀಳದೆ, ಕಣ್ಣು ಮೇಲೆ ಮಾಡಿ ನಿಲ್ಲಿಸಿಡಿ. ಕಣ್ಣು ಕೆಳಗಾದರೆ ಒಳಗಿನ ನೀರು ಸದಾ ಆ ಮೆತ್ತನೆ ಜಾಗಕ್ಕೇ ತಾಗಿ ಅಲ್ಲಿಂದ ಕೊಳೆಯುತ್ತದೆ.

ಹುಳಿಸಾರು · ಶಿರಸಿ

ಹುಳಿಗೆ ದುಡ್ಡು ಕೊಡುವುದು ಬೇಡ. ವಾಟೆಹುಳಿ, ಮುರುಗಲು, ಉಪ್ಪಾಗೆ ಮೂರೂ ಇದೇ ಕಾಡಿನವು. ಒಣಗಿಸಿದ್ದು ಒಂದೊಂದು ಕೆ.ಜಿ. ಇದ್ದರೆ ವರ್ಷಕ್ಕೆ ಧಾರಾಳ. ಒಂದು ಮಾತು: ಉಪ್ಪಾಗೆ ಹಣ್ಣಾಗುವುದೇ ಮಳೆಯಲ್ಲಿ, ಒಣಗಿಸಲು ಸೌದೆ ರಾಶಿ ಬೇಕು. ನೀವೇ ಒಣಗಿಸಹೋದರೆ ಉಳಿತಾಯ ಅಲ್ಲ, ಕೊಂಡುಬಿಡಿ. ಮುರುಗಲು ಏಪ್ರಿಲ್–ಮೇನಲ್ಲಿ ಬರುತ್ತದೆ, ಬಿಸಿಲೇ ಸಾಕು.

ಅಪ್ಪೆಮಿಡಿ: ಕೆ.ಜಿ. ಮಿಡಿಗೆ 200–250 ಗ್ರಾಂ ಹರಳುಪ್ಪು. ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಉಪ್ಪು ಸಿಕ್ಕಿದರೆ ಅದೇ. ಮಿಡಿಗೆ ಒಂದಿಂಚು ತೊಟ್ಟು ಇರಬೇಕು, ಮರದಿಂದ ನೆಲಕ್ಕೆ ಬಿದ್ದದ್ದು ಒಂದೂ ಸೇರಬಾರದು. ಪೆಟ್ಟಾದ ಮಿಡಿ ಉಪ್ಪಿನಲ್ಲಿ ಮೊದಲು ಮೆತ್ತಗಾಗುತ್ತದೆ, ಆಮೇಲೆ ಭರಣಿಯನ್ನೇ ಕೆಡಿಸುತ್ತದೆ. ಪದರ ಪದರವಾಗಿ ಉಪ್ಪು–ಮಿಡಿ ತುಂಬಿ ಮೇಲೆ ತೊಳೆದ ಕಲ್ಲು ಹೇರಿ. ಬಿಟ್ಟ ನೀರಿನಲ್ಲಿ ಮಿಡಿ ಮುಳುಗಿಯೇ ಇರಬೇಕು, ತಲೆ ಎತ್ತಿದ ಮಿಡಿಗೆ ಬೂಸ್ಟು ಗ್ಯಾರಂಟಿ. ಎರಡು ವಾರದಲ್ಲಿ ಮುರುಟುತ್ತದೆ. ಖಾರ ಅರೆಯುವುದು ಆಮೇಲಿನ ಮಾತು. ಅವಸರ ಇಲ್ಲದಿದ್ದರೆ ಉಪ್ಪುಮಿಡಿಯಾಗೇ ವರ್ಷ ಇಡಬಹುದು.

ಕಾಳಿಸೇತುವೆ · ಕಾರವಾರ

ಮೀನು ತಿನ್ನುವವರಾದರೆ ಒಂದು ಸಾಲು ಸೇರಿಸಿಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, 61 ದಿನ. ಆಗ ಬರುವ ಹಸಿ ಮೀನಿನ ದರಕ್ಕೆ ಸರಳ ಬದುಕು ತಡೆಯುವುದಿಲ್ಲ. ಒಣಮೀನು ಮೇ ಎರಡನೇ ವಾರದೊಳಗೆ ಕೊಳ್ಳಿ. ಒಣಶೆಟ್ಲಿ (ಒಣಗಿದ ಸಿಗಡಿ) ಮುಷ್ಟಿಯಲ್ಲಿ ಹಿಂಡಿದರೆ ಪುಡಿಯಾಗಿ ಬಿಟ್ಟುಕೊಳ್ಳಬೇಕು, ಉಂಡೆಯಾದರೆ ತೇವ ಇದೆ. ಬಂಗಡೆಯ ಕಿವಿರಿನ ಹತ್ತಿರ ಕೆಂಪು ಮಚ್ಚೆ ಕಂಡರೆ ಕೆಡಲು ಶುರುವಾಗಿದೆ, ಬಿಡಿ.

ಹೊಸಬಾಡಿಗೆ · ಶಿರಸಿ ತಾಲೂಕು

ಎಲ್ಲರಿಗೂ ನಮಸ್ಕಾರ. ಫ್ರಿಜ್ ಬದಲು ಮಡಕೆಯೊಳಗೆ ಮಡಕೆ ಇಟ್ಟು ನಡುವೆ ಒದ್ದೆ ಮರಳು ತುಂಬುವ ವಿಧಾನ ಓದಿದ್ದೆ. ಹಾಲು, ಸೊಪ್ಪಿಗೆ ಅದು ಆದೀತೇ?

ಕಾಳಿಸೇತುವೆ · ಕಾರವಾರ

ಆಗದು. ಆ ಮಡಕೆ ತಣ್ಣಗಾಗುವುದು ಹೊರಮೈಯ ನೀರು ಆವಿಯಾಗಿ ಹೋಗುವುದರಿಂದ. ಮಳೆಗಾಲದಲ್ಲಿ ನಮ್ಮ ಗಾಳಿ ಆಗಲೇ ನೀರು ಕುಡಿದು ತುಂಬಿರುತ್ತದೆ, ಇನ್ನು ಆವಿ ಎಲ್ಲಿಗೆ ಹೋಗಬೇಕು? ಹುಬ್ಬಳ್ಳಿ, ವಿಜಯಪುರದ ಏಪ್ರಿಲ್‌ಗೆ ಅದು ಚೆನ್ನ. ಇಲ್ಲಿ ಜುಲೈನಲ್ಲಿ ಬೂಸ್ಟು ಹಿಡಿದ ಎರಡು ಮಡಕೆ ಉಳಿಯುತ್ತವೆ ಅಷ್ಟೇ.

ಬಿಲ್ಲುನೋಡಿ · ಹೊನ್ನಾವರ

ಫ್ರಿಜ್ ಬೇಡ ಅನ್ನುವುದು ನನಗೆ ಹಟ ಅನ್ನಿಸುತ್ತದೆ. 180 ಲೀಟರ್‌ನ ಒಂದು ಬಾಗಿಲಿನದು ದಿನಕ್ಕೆ ಅರ್ಧ ಯುನಿಟ್, ತಿಂಗಳಿಗೆ ಸುಮಾರು 15 ಯುನಿಟ್. ಗೃಹಜ್ಯೋತಿಯ ಮಿತಿಯೊಳಗಿದ್ದರೆ ಬಿಲ್ಲಿನಲ್ಲಿ ಗೊತ್ತೇ ಆಗುವುದಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರು ಮನೆಯಲ್ಲಿದ್ದರೆ ಚರ್ಚೆಯೇ ಇಲ್ಲ: ತೆರೆಯದ ಬಾಟಲಿ 2ರಿಂದ 8 ಡಿಗ್ರಿಯಲ್ಲೇ ಇರಬೇಕು.

ಸೋಗೆಮಾಡು · ಸಿದ್ದಾಪುರ

ಔಷಧಕ್ಕಾದರೆ ಒಪ್ಪಿದೆ. ಊಟಕ್ಕಾದರೆ ಇಲ್ಲ. ಇಲ್ಲಿನ ಅಡುಗೆಯೇ ಫ್ರಿಜ್ ಇಲ್ಲದ ಕಾಲದ್ದು: ತಂಬುಳಿ ಅರೆದ ಹೊತ್ತಿಗೆ ಮುಗಿಯುತ್ತದೆ, ಒಂದೆಲಗ ಹಿತ್ತಿಲಲ್ಲೇ ಇರುತ್ತದೆ, ಹಾಲು ಉಳಿದರೆ ಮೊಸರು, ಮೊಸರು ಹುಳಿಯಾದರೆ ಮಜ್ಜಿಗೆಹುಳಿ. ಗಾಳಿಮಳೆಗೆ ಲೈನ್ ಮೇಲೆ ಮರ ಬಿದ್ದರೆ ಎರಡು ದಿನ ಕರೆಂಟ್ ಇಲ್ಲ, ಫ್ರಿಜ್ ತುಂಬ ತುಂಬಿಸಿಟ್ಟವರ ಮನೆಯಲ್ಲಿ ಅವತ್ತೇ ಎಲ್ಲ ಒಟ್ಟಿಗೆ ಹಾಳು. ಕೈಗಾ, ಕದ್ರಾ, ಸೂಪಾ, ಗೇರುಸೊಪ್ಪೆ ವಿದ್ಯುತ್ ಕೇಂದ್ರಗಳೆಲ್ಲ ಇರುವ ಜಿಲ್ಲೆಯಲ್ಲಿ ಕತ್ತಲೆಗೆ ತಯಾರಿ ಹೇಳಿಕೊಡುವ ಯೋಗ ನಮ್ಮದು.

ಅನ್ನ ಒಂದನ್ನು ಮಾತ್ರ ಲೆಕ್ಕ ಹಾಕಿ ಮಾಡಿ. ರಾತ್ರಿಯ ಅನ್ನ ಮುಚ್ಚಿಟ್ಟು ಮಧ್ಯಾಹ್ನ ಬಿಸಿಮಾಡಿ ತಿನ್ನುವುದು ಸರಿಯಲ್ಲ, ಅದರಲ್ಲಿ ಬೆಳೆಯುವ ವಿಷ ಬಿಸಿಗೂ ಹೋಗುವುದಿಲ್ಲ.

ಬಟ್ಟೆಗೂಟ · ಅಂಕೋಲಾ

ಮೂರು ಜೊತೆ ಬಟ್ಟೆಯ ವಿಷಯಕ್ಕೆ ಯಾರೂ ಬರಲಿಲ್ಲ. ಸೂತ್ರ ಇದು: ಒಣಗಲು ಬೇಕಾದ ದಿನ, ಅದಕ್ಕೆ ಎರಡು ಸೇರಿಸಿ. ಮೈಮೇಲೆ ಒಂದು, ಕೈಗೆ ಸಿಗುವಂತೆ ಒಂದು, ಉಳಿದದ್ದೆಲ್ಲ ಹಗ್ಗದ ಮೇಲೆ. ಜನವರಿಯಲ್ಲಿ ಒಂದೇ ದಿನಕ್ಕೆ ಒಣಗುತ್ತದೆ, ಮೂರು ಜೊತೆ ಸಾಕು. ಜುಲೈನಲ್ಲಿ ತೆಳು ಹತ್ತಿಗೆ ಮೂರು ದಿನ, ಐದು ಜೊತೆ ಬೇಕು. ಜೀನ್ಸ್ ಆದರೆ ವಾರ. ಅದಕ್ಕೇ ಇಲ್ಲಿ ಜೀನ್ಸ್ ಸರಳ ಬಟ್ಟೆ ಅಲ್ಲ. ದಪ್ಪ ಟರ್ಕಿ ಟವೆಲ್ ಕೊಟ್ಟುಬಿಡಿ, ತೆಳು ಪಂಚೆಯಲ್ಲಿ ಮೈ ಒರೆಸಿ.

ಯಂತ್ರ ಬೇಕೇ ಬೇಕು ಅನ್ನಿಸಿದರೆ ವಾಷಿಂಗ್ ಮೆಷಿನ್ ಬೇಡ, ಬರೀ ಹಿಂಡುವ ಸ್ಪಿನ್ನರ್ ತೆಗೆದುಕೊಳ್ಳಿ. 300 ವ್ಯಾಟ್‌ನದು ಐದು ನಿಮಿಷ ತಿರುಗಿದರೆ 25 ವ್ಯಾಟ್-ಗಂಟೆ, ಲೆಕ್ಕಕ್ಕೇ ಇಲ್ಲದಷ್ಟು. ಒಗೆಯುವುದು ಕಷ್ಟವಲ್ಲ ಇಲ್ಲಿ, ಒಣಗಿಸುವುದು ಕಷ್ಟ. ಸ್ಪಿನ್ನರ್‌ನಿಂದ ತೆಗೆದದ್ದು ಬಚ್ಚಲ ಒಲೆಯ ಮೇಲಿನ ಗಳಕ್ಕೆ ಹಾಕಿದರೆ ರಾತ್ರಿ ಬೆಳಗಾಗುವುದರಲ್ಲಿ ಒಣಗುತ್ತದೆ. ಬೆಂಕಿಯಿಂದ ಕನಿಷ್ಠ ಐದಡಿ ಮೇಲಿರಲಿ ಆ ಗಳ.

ಹಂಚಿನಮಾಡು · ಯಲ್ಲಾಪುರ

ಒಲೆಯ ಮಾತು ಬಂತು, ವಿವರವಾಗಿ ಹೇಳುತ್ತೇನೆ. ಇದರಲ್ಲಿ ಒಂದು ಕೊಂಡಿ ಇದೆ, ಅದು ಯಾರ ಗಮನಕ್ಕೂ ಬರುವುದಿಲ್ಲ.

ಅಡುಗೆಗೆ ಅಸ್ತ್ರ ಒಲೆ ಒಳ್ಳೆಯದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದಿಂದ ಬಂದದ್ದು, ನಮ್ಮ ಜಿಲ್ಲೆಯಲ್ಲಿ ಕಟ್ಟುವವರು ಈಗಲೂ ಸಿಗುತ್ತಾರೆ. ಸೌದೆ ಹಳೇ ಒಲೆಗಿಂತ ಅರ್ಧಕ್ಕರ್ಧ ಉಳಿಯುತ್ತದೆ, ಹೊಗೆ ಕೊಳವೆಯಿಂದ ಹೊರಗೆ. ಕೆಡುವುದು ಮೂರು ಕಡೆ. ಪಾತ್ರೆ ಕೂರುವ ಕುಳಿಗಿಂತ ಚಿಕ್ಕ ಪಾತ್ರೆ ಇಟ್ಟರೆ ಸಂದಿನಿಂದ ಗಾಳಿ ಎಳೆದು ಹೊಗೆ ಒಳಗೇ ಬರುತ್ತದೆ. ಆದ್ದರಿಂದ ಒಲೆ ಕಟ್ಟುವ ಮೊದಲು ದಿನಾ ಬಳಸುವ ಎರಡು–ಮೂರು ಪಾತ್ರೆ ತಂದು ಅವುಗಳ ಅಳತೆಗೇ ಕುಳಿ ಮಾಡಿಸಬೇಕು. (ಪಾತ್ರೆ ಕಡಿಮೆ ಇರುವವರಿಗೆ ಇದೊಂದು ಅನುಕೂಲ.) ಎರಡನೆಯದು, ಕೊಳವೆಯ ತುದಿ ಮಾಡಿನ ನೆತ್ತಿಗಿಂತ ಎರಡಡಿ ಮೇಲಿಲ್ಲದಿದ್ದರೆ ಗಾಳಿಮಳೆಯ ದಿನ ಹೊಗೆ ತಿರುಗಿ ಒಳಗೆ ನುಗ್ಗುತ್ತದೆ. ಮೇಲೆ ಟೋಪಿ ಇರಲೇಬೇಕು. ಮೂರನೆಯದು ಮಸಿ. ಹಸಿ ಸೌದೆ ಉರಿಸಿದರೆ ತಿಂಗಳಿಗೇ ಕೊಳವೆ ಕಟ್ಟುತ್ತದೆ. ತಿಂಗಳಿಗೊಮ್ಮೆ ಉದ್ದ ಕೋಲಿಗೆ ತೆಂಗಿನ ಗುಂಜು ಕಟ್ಟಿ ತಿಕ್ಕಿ.

ಇನ್ನು ಆ ಕೊಂಡಿ. ಹಳೇ ಮನೆಗಳಲ್ಲಿ ಒಲೆಯ ಹೊಗೆ ಅಟ್ಟಕ್ಕೇರಿ ಪಕಾಸಿಗೆ ಹಿಡಿಯುತ್ತಿತ್ತು. ಕಣ್ಣಿಗೆ, ಪುಪ್ಪುಸಕ್ಕೆ ಕೆಟ್ಟದ್ದು, ಆದರೆ ಅದೇ ಹೊಗೆ ಮರಕ್ಕೆ ಹುಳು ಬೀಳದಂತೆ, ಅಟ್ಟದ ಸಾಮಾನಿಗೆ ಬೂಸ್ಟು ಬರದಂತೆ ಕಾಯುತ್ತಿತ್ತು. ಹೊಗೆಯಿಲ್ಲದ ಒಲೆ ಹಾಕಿಸಿದ ಎರಡು–ಮೂರು ಮಳೆಗಾಲದಲ್ಲಿ ಪಕಾಸಿಯಿಂದ ಹಳದಿ ಹಿಟ್ಟು ಉದುರಲು ಶುರುವಾದರೆ ಕಾರಣ ಅದು. ಹಾಗಂತ ಹೊಗೆ ಒಲೆಗೆ ಮರಳಬೇಡಿ. ಮಾರ್ಚ್–ಏಪ್ರಿಲ್‌ನಲ್ಲಿ ಮರ ಒಣಗಿರುವಾಗ ಗೇರೆಣ್ಣೆ ಬಳಿಯಿರಿ, ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಕಪ್ಪು ಎಣ್ಣೆ. ಮೈಗೆ ತಾಗಿದರೆ ಸುಟ್ಟಂತೆ ಬೊಕ್ಕೆ ಏಳುತ್ತದೆ: ಕೈಗವಸು, ಉದ್ದ ತೋಳಿನ ಅಂಗಿ, ಬಳಿಯುವ ಮೊದಲು ಕೈಮುಖಕ್ಕೆ ತೆಂಗಿನೆಣ್ಣೆ. ತಲೆಯ ಮೇಲಿನ ಪಕಾಸಿಗೆ ಬಳಿಯುವಾಗ ಕನ್ನಡಕ ಇಲ್ಲದೆ ಏಣಿ ಹತ್ತಬೇಡಿ.

ಹೊಗೆ ಬೇಕಾದ ದಾಸ್ತಾನನ್ನು, ಅಂದರೆ ಬಿತ್ತನೆ ಬೀಜ, ಅಡಿಕೆ, ಮೆಣಸು, ಬುಟ್ಟಿಗಳನ್ನು ಬಚ್ಚಲ ಒಲೆಯ ಅಟ್ಟಕ್ಕೆ ವರ್ಗ ಮಾಡಿ. ಅಲ್ಲಿ ಯಾರೂ ಗಂಟೆಗಟ್ಟಲೆ ಕೂರುವುದಿಲ್ಲ. ಸ್ನಾನದ ನೀರಿಗೆ ತಾಮ್ರದ ಹಂಡೆ, ಉರಿಗೆ ಅಡಿಕೆ ಹಾಳೆ, ತೆಂಗಿನ ಮಡ್ಲು (ಗರಿ), ಸಿಪ್ಪೆ. ಒಳ್ಳೆ ಸೌದೆ ಬಚ್ಚಲಿಗೆ ಬೇಡ.

ಹೊಸಬಾಡಿಗೆ · ಶಿರಸಿ ತಾಲೂಕು

ಬಾಡಿಗೆ ಮನೆಯಲ್ಲಿ ಒಲೆ ಒಡೆದು ಕಟ್ಟಲು ಮಾಲೀಕರು ಬಿಡಲಿಕ್ಕಿಲ್ಲ. ಗೋಬರ್ ಗ್ಯಾಸ್ ಯೋಚಿಸಬಹುದೇ? ಕೊಟ್ಟಿಗೆ ಇದ್ದೇ ಇದೆ, ಒಂದು ಮಲೆನಾಡು ಗಿಡ್ಡ ಕಟ್ಟಿದರೆ?

ಕೊಟ್ಟಿಗೆ · ಶಿರಸಿ

ಅಡ್ಡಿಲ್ಲೆ, ಆದರೆ ಲೆಕ್ಕ ಕೂಡುವುದಿಲ್ಲ ಮಾರಾಯ್ರೆ. ಅತಿ ಚಿಕ್ಕ 1 ಘನ ಮೀಟರ್‌ನ ಘಟಕಕ್ಕೇ ದಿನಕ್ಕೆ 25 ಕೆ.ಜಿ. ಸಗಣಿ, ಅಷ್ಟೇ ನೀರು. ಗಿಡ್ಡ ಚಿಕ್ಕ ದನ, ಹಗಲಿಡೀ ಬೆಟ್ಟದಲ್ಲಿ ಮೇಯುತ್ತದೆ, ಕೊಟ್ಟಿಗೆಯಲ್ಲಿ ಸಿಗುವುದು ರಾತ್ರಿಯ ಸಗಣಿ ಮಾತ್ರ. ನಾಲ್ಕೈದು ಬಾಲ ಬೇಕಾಗುತ್ತದೆ. ಹಾಲು ಒಂದೆರಡು ಲೀಟರ್. ಒಂದು ದನ ಕಟ್ಟಿದರೂ ಐದು ಕಟ್ಟಿದರೂ ಮನೆ ಬಿಟ್ಟು ಒಂದು ರಾತ್ರಿ ಹೋಗುವಂತಿಲ್ಲ. ಇಬ್ಬರೇ ಇರುವವರು ಸಿಲಿಂಡರ್ ಇಟ್ಟುಕೊಳ್ಳಿ. ಅಡುಗೆಗೆ ಮಾತ್ರ ಆದರೆ 14.2 ಕೆ.ಜಿ.ಯದು ಎರಡು ತಿಂಗಳು ಬರುತ್ತದೆ. ಸ್ನಾನದ ನೀರು ಕಾಯಿಸಲು ಅದನ್ನು ಮುಟ್ಟಬೇಡಿ. ಹಾಲು, ಗೊಬ್ಬರ ಪಕ್ಕದ ಮನೆಯಿಂದ.

ಮುಂದೆ ಯಾವತ್ತಾದರೂ ಘಟಕ ಹಾಕಿದರೆ: ಗ್ಯಾಸ್ ಪೈಪು ಮನೆಯಿಂದ ಘಟಕದ ಕಡೆಗೆ ಇಳಿಜಾರಾಗಿರಬೇಕು, ತಗ್ಗಿನಲ್ಲಿ ನೀರು ಬಿಡುವ ಕಾಕ್ ಇರಬೇಕು. ಮಳೆಗಾಲದಲ್ಲಿ "ಗ್ಯಾಸ್ ಬರುತ್ತಿಲ್ಲ" ಅನ್ನುವ ದೂರಿನಲ್ಲಿ ಹೆಚ್ಚಿನವು ಪೈಪಿನಲ್ಲಿ ನಿಂತ ನೀರು.

ಬಿಲ್ಲುನೋಡಿ · ಹೊನ್ನಾವರ

ಸೋಲಾರ್ ಹಾಕುವುದಾದರೆ ಮಾರುವವರ ಲೆಕ್ಕ ಏಪ್ರಿಲ್‌ನದು, ನಿಮ್ಮ ಲೆಕ್ಕ ಜುಲೈನದಾಗಿರಲಿ. 330 ವ್ಯಾಟ್‌ನ ಪ್ಯಾನೆಲ್ ಬಿಸಿಲಿಗೆ ದಿನಕ್ಕೆ ಯುನಿಟ್ ದಾಟಿಸುತ್ತದೆ, ಮೋಡ ಕವಿದ ಜುಲೈನಲ್ಲಿ 0.3 ಯುನಿಟ್ (300 ವ್ಯಾಟ್-ಗಂಟೆ) ಆಸುಪಾಸು. ಬಳಕೆ: 9 ವ್ಯಾಟ್‌ನ ನಾಲ್ಕು ಎಲ್‌ಇಡಿ ನಾಲ್ಕು ಗಂಟೆಗೆ 144; 28 ವ್ಯಾಟ್‌ನ ಬಿಎಲ್‌ಡಿಸಿ (ಕಡಿಮೆ ಕರೆಂಟ್ ತಿನ್ನುವ) ಫ್ಯಾನ್ ಏಳು ಗಂಟೆಗೆ 196; ಮೊಬೈಲ್, ರೂಟರ್‌ಗೆ 100. ಒಟ್ಟು 440 ವ್ಯಾಟ್-ಗಂಟೆ. ಮಳೆಯಲ್ಲಿ ಫ್ಯಾನ್ ಬೇಕಿಲ್ಲ, ಕಳೆದರೆ ಸರಿಹೋಗುತ್ತದೆ.

ಆದರೆ ಇನ್ವರ್ಟರ್ ಸುಮ್ಮನೆ ಆನ್ ಇದ್ದರೇ 10–20 ವ್ಯಾಟ್ ತಿನ್ನುತ್ತದೆ. 24 ಗಂಟೆಗೆ 240ರಿಂದ 480. ನಿಮ್ಮ ದೀಪ ಫ್ಯಾನ್ ಎಲ್ಲ ಸೇರಿ ತಿನ್ನುವಷ್ಟನ್ನು ಡಬ್ಬವೇ ತಿಂದಿರುತ್ತದೆ! ಇಷ್ಟು ಚಿಕ್ಕ ಮನೆಗೆ 12 ವೋಲ್ಟ್‌ನ ದೀಪ, ಫ್ಯಾನ್ ನೇರ ಬ್ಯಾಟರಿಗೆ, ನಡುವೆ ಚಾರ್ಜ್ ಕಂಟ್ರೋಲರ್ ಸಾಕು. 150 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಿ, 900 ವ್ಯಾಟ್-ಗಂಟೆ, ಎರಡು ರಾತ್ರಿಗೆ ಆಯಿತು. ವೈರ್ ತೆಳುವಾದರೆ 12 ವೋಲ್ಟ್ ದೂರಕ್ಕೆ ಹೋಗುವುದಿಲ್ಲ. ದೀಪ ಮಂಕಾದರೆ ಬಲ್ಬ್ ಬದಲಿಸುವ ಮೊದಲು ವೈರ್ ನೋಡಿ.

ಮೇ ತಿಂಗಳ ಗುಡುಗಿಗೆ ಎಲ್ಲ ಪ್ಲಗ್ ಕೀಳಿ. ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹೊಯ್ಯುವುದನ್ನು ಬಾಡಿಗೆಯವರು ಮರೆಯುತ್ತಾರೆ.

ಅಂಕೋಲೆಯ_ಅಕ್ಕ · ಅಂಕೋಲಾ

ಎಲ್ಲ ಸರಿ, ಎರಡು ವಿಷಯಕ್ಕೆ ಮಾತ್ರ ಕತ್ತರಿ ಬೇಡ ತಮ್ಮಾ. ಔಷಧ ಮತ್ತು ಜನ.

ದಿನಾ ತೆಗೆದುಕೊಳ್ಳುವ ಮಾತ್ರೆ ಮೂರು ವಾರದ್ದು ಮನೆಯಲ್ಲಿರಲಿ. 2024ರ ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ 66 ಎಷ್ಟು ದಿನ ಮುಚ್ಚಿತ್ತು ಎಂದು ಎಲ್ಲರಿಗೂ ಗೊತ್ತು. ಘಟ್ಟದ ರಸ್ತೆಗಳದ್ದೂ ಅದೇ ಕಥೆ. ದೊಡ್ಡ ಕಾಯಿಲೆಗೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವಾಕ್ಕೋ ಹೋಗುವ ಜಿಲ್ಲೆ ನಮ್ಮದು, ಆರೋಗ್ಯ ವಿಮೆಯ ಕಂತು ಉಳಿಸಬೇಡಿ.

ಜನ ಎಂದರೆ ಮದುವೆ, ಉಪನಯನ, ತಿಥಿ. ಹೊರಗಿನಿಂದ ಬಂದವರು ಇದನ್ನೆಲ್ಲ ದಂಡದ ಖರ್ಚು ಎಂದು ಬಿಡುತ್ತಾರೆ. ಉಡುಗೊರೆ ಬಿಡಿ, ಬಟ್ಟೆಬರೆ ಬಿಡಿ, ಯಾರೂ ಏನೂ ಅನ್ನುವುದಿಲ್ಲ. ಹಿಂದಿನ ದಿನ ಹೋಗಿ ಕಾಯಿ ತುರಿದು, ಬಾಳೆಲೆ ಒರೆಸಿ ಬಂದರೆ ಸಾಕು. ಅದೂ ಬಿಟ್ಟರೆ ಮೇ ತಿಂಗಳಲ್ಲಿ ಹಂಚಿಗೆ ಕೈಯಾಡಿಸಲು ಯಾರೂ ಬರುವುದಿಲ್ಲ, ಎರಡು ಪಟ್ಟು ಕೂಲಿಗೂ ಬರುವುದಿಲ್ಲ. ಮುಯ್ಯಾಳು (ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೂಲಿಯಿಲ್ಲದೆ ಬರುವುದು) ಇಲ್ಲದೆ ಇಲ್ಲಿ ಕಡಿಮೆ ದುಡ್ಡಿನಲ್ಲಿ ಬದುಕುವ ದಾರಿ ನನಗಂತೂ ಕಾಣುವುದಿಲ್ಲ. "ಮಕ್ಕಳ್ಯಾವಾಗ, ಸೈಟ್ ಯಾವಾಗ" ಎಂದು ಕೇಳುತ್ತಾರೆ, ಕೇಳಲಿ. ಉತ್ತರ ಕೊಡದಿದ್ದರೂ ಕಾಯಿ ತುರಿಯಬಹುದು.

ಬಿಲ್ಲುನೋಡಿ · ಹೊನ್ನಾವರ

ಅಕ್ಕಾ, ಒಂದು ತಕರಾರು. ತಿಂಗಳಿಗೆ ನಾಲ್ಕು ಮನೆಯ ಕಾರ್ಯಕ್ಕೆ ಹೋಗಿ ಬಂದರೆ ಅದೇ ಒಂದು ಪೂರ್ಣಾವಧಿ ಕೆಲಸ. ಕೇರಿಯ ಐದಾರು ಮನೆಗೆ ಮಿತಿ ಹಾಕಿಕೊಳ್ಳುವುದು ತಪ್ಪಲ್ಲ.

ಅಂಕೋಲೆಯ_ಅಕ್ಕ · ಅಂಕೋಲಾ

ಕೇರಿಯ ಐದಾರು ಮನೆ ಎಂದೇ ನಾನೂ ಹೇಳಿದ್ದು.

ಹಂಚಿನಮಾಡು · ಯಲ್ಲಾಪುರ

ಹಂಚಿನ ವಿಷಯ: ಮಂಗಳೂರು ಹಂಚು ಚದರ ಮೀಟರ್‌ಗೆ ಸುಮಾರು 15 ಹಿಡಿಯುತ್ತದೆ. 50 ಹಂಚು ಹೆಚ್ಚುವರಿ ಇಟ್ಟುಕೊಳ್ಳಿ, ಮಂಗ ಓಡಾಡಿ ಒಡೆದದ್ದಕ್ಕೆ ಜುಲೈನಲ್ಲಿ ಅದೇ ಅಳತೆಯದು ಹುಡುಕಲು ಆಗುವುದಿಲ್ಲ. ಬೇರೆ ಕಾರ್ಖಾನೆಯದಾದರೆ ಕಚ್ಚು ಕೂರದೆ ಸೋರುತ್ತದೆ. ಪಡುವಣ ಗಾಳಿಯ ಕಡೆ ಗೋಡೆಗೆ ಮಡ್ಲು ತಟ್ಟಿ ಕಟ್ಟಿ, ಇರಚಲು ಗೋಡೆಗೆ ಬಡಿದರೆ ಒಳಗಿನ ಕಪಾಟಿಗೆಲ್ಲ ಬೂಸ್ಟು. ಪುಸ್ತಕ, ಚರ್ಮ, ಕ್ಯಾಮೆರಾ ಗೋಡೆಯಿಂದ ಒಂದು ಗೇಣು ದೂರ.

ದಂಬೆನೀರು · ಸಿದ್ದಾಪುರ

ಜಾಗ ಕೊಳ್ಳುವ ಆಸೆ ಮುಂದೆ ಬಂದೀತು, ಈಗಲೇ ಹೇಳಿಡುತ್ತೇನೆ. ಭೂಸುಧಾರಣಾ ಕಾಯ್ದೆಯ 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದು. ಆದರೆ "ಎರಡು ಎಕರೆ ತೋಟ, ಜೊತೆಗೆ ಹದಿನೆಂಟು ಎಕರೆ ಬೆಟ್ಟ" ಎಂದು ಯಾರಾದರೂ ಹೇಳಿದರೆ ನೀವು ಕೊಳ್ಳುತ್ತಿರುವುದು ಎರಡೇ ಎಕರೆ. ಬೆಟ್ಟ ಅರಣ್ಯದ್ದು, ತೋಟದ ಎಕರೆಗೆ 9 ಎಕರೆವರೆಗೆ ಸೊಪ್ಪು, ದರಕು (ಉದುರಿದ ಒಣ ಎಲೆ), ಒಣಸೌದೆಯ ಹಕ್ಕು ಮಾತ್ರ. ಅಲ್ಲಿ ಮನೆ ಕಟ್ಟುವಂತಿಲ್ಲ. ಪಹಣಿಯಲ್ಲಿ ಇಲ್ಲದ ಅತಿಕ್ರಮಣ ಜಾಗಕ್ಕೆ ಬಾಂಡ್ ಪೇಪರ್ ಮೇಲೆ ದುಡ್ಡು ಕೊಡಬೇಡಿ. ಸಮುದ್ರದ ಹತ್ತಿರವಾದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ: ಜನವಸತಿ ವಿರಳವಾದ ಹಳ್ಳಿಗಳಲ್ಲಿ ಭರತದ ಗೆರೆಯಿಂದ 200 ಮೀಟರ್ ಒಳಗೆ ಹೊಸ ಮನೆ ಇಲ್ಲ.

ಬೆಟ್ಟಕ್ಕೆ ದರಕು ಗುಡಿಸಲು ಹೋದರೆ, ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯ ಉಣ್ಣಿ ಕಾಲ. ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆ ಕೈಕಾಲಿಗೆ ಹಚ್ಚಿ ಹೋಗಿ, ಬಂದ ಕೂಡಲೆ ಬಿಸಿನೀರಿನ ಸ್ನಾನ, ಬಟ್ಟೆ ಕುದಿನೀರಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೇಳಿ.

ಅಬ್ಬಿ ನೀರು (ಗುಡ್ಡದಿಂದ ಇಳಿಯುವ ಒರತೆ) ಪೈಪಿನಲ್ಲಿ ತರುವಂತಿದ್ದರೆ ಪಂಪ್ ಖರ್ಚೇ ಇಲ್ಲ. 10 ಮೀಟರ್ ಎತ್ತರಕ್ಕೆ 1 ಕೆ.ಜಿ. ಒತ್ತಡ ಸಿಗುತ್ತದೆ. ಪೈಪು ಗುಡ್ಡ ಹತ್ತಿ ಇಳಿಯುವ ಕಡೆ ಗಾಳಿ ಸೇರಿಕೊಂಡು ನೀರು ನಿಲ್ಲುತ್ತದೆ. ಆ ನೆತ್ತಿಯಲ್ಲಿ ಒಂದು ಟೀ ಕೂಡಿಸಿ ಗಾಳಿ ಬಿಡುವ ಕಾಕ್ ಇಡಿ.

ಹೊಸಬಾಡಿಗೆ · ಶಿರಸಿ ತಾಲೂಕು

ಅಬ್ಬಿ ಇಲ್ಲ, ಬಾವಿಯೇ. ಮೊದಲ ಮಳೆಗೆ ನೀರು ಕೆಂಪಾಗುತ್ತದಂತೆ. ಫಿಲ್ಟರ್ ಯಂತ್ರ ಕೊಳ್ಳದೆ ಏನು ಮಾಡಬಹುದು?

ದಂಬೆನೀರು · ಸಿದ್ದಾಪುರ

ಬ್ಲೀಚಿಂಗ್ ಪೌಡರ್. ಬಾವಿಯ ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 0.785ರಿಂದ ಗುಣಿಸಿ. 2 ಮೀಟರ್ ವ್ಯಾಸ, 3 ಮೀಟರ್ ನೀರು ಇದ್ದರೆ 9.42 ಘನ ಮೀಟರ್, 9,420 ಲೀಟರ್. ಸಾವಿರ ಲೀಟರ್‌ಗೆ ಒಳ್ಳೆ ಪೌಡರ್ 2.5 ಗ್ರಾಂ, ಹಾಗಾದರೆ ಸುಮಾರು 24 ಗ್ರಾಂ. ಜುಲೈನಲ್ಲಿ ನೀರು 6 ಮೀಟರ್‌ಗೆ ಏರಿದರೆ ಅದು 47 ಗ್ರಾಂ. ಮೇನಲ್ಲಿ ಅಳೆದ ಲೆಕ್ಕವನ್ನೇ ಮಳೆಗಾಲಕ್ಕೂ ಹಿಡಿದರೆ ಏನೂ ಕೆಲಸ ಮಾಡದು.

ಪುಡಿಯನ್ನು ನೇರ ಸುರಿಯಬಾರದು. ಬಕೆಟ್‌ನಲ್ಲಿ ಸ್ವಲ್ಪ ನೀರು ಹಾಕಿ ಗಂಟಿಲ್ಲದಂತೆ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿ ತಿರುಗಿಸಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕಿಳಿಯುತ್ತದೆ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್‌ಗೆ ಬಗ್ಗಿಸಿ, ಬಾವಿಗಿಳಿಸಿ ನೀರಿನೊಳಗೇ ಮೇಲೆ ಕೆಳಗೆ ಎಳೆದಾಡಿ. ತಳದ ಸುಣ್ಣ ಬಾವಿಗೆ ಹೋದರೆ ನೀರು ಗಡಸಾಗುತ್ತದೆ. ರಾತ್ರಿ ಹಾಕಿದರೆ ಒಳ್ಳೆಯದು, ಕನಿಷ್ಠ ಒಂದು ಗಂಟೆ ನೀರು ಸೇದಬೇಡಿ. ಕೆಂಪು ನೀರಿನಲ್ಲಿ ಕ್ಲೋರಿನ್ ಕೆಸರಿಗೇ ಖರ್ಚಾಗುತ್ತದೆ, ಹಾಗಾಗಿ ಮೊದಲು ಒಂದೆರಡು ದಿನ ತಿಳಿಯಾಗಲು ಬಿಡಿ. ಪೌಡರ್ ಪೊಟ್ಟಣ ಒಡೆದಿಟ್ಟರೆ ಮಳೆಗಾಲದ ತೇವಕ್ಕೆ ಸತ್ವ ಹೋಗುತ್ತದೆ. ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬದಲ್ಲಿಡಿ, ತಗಡಿನದು ತುಕ್ಕು ಹಿಡಿಯುತ್ತದೆ.

ಹೊಸಬಾಡಿಗೆ · ಶಿರಸಿ ತಾಲೂಕು

ಬಾವಿಯಲ್ಲಿ ಮೀನು ಬಿಟ್ಟಿದ್ದಾರೆ.

ದಂಬೆನೀರು · ಸಿದ್ದಾಪುರ

ಹಾಗಾದರೆ ಪೌಡರ್ ಬೇಡ, ಮೀನು ಸತ್ತು ನೀರೇ ಕೆಡುತ್ತದೆ. ಮೀನು ಸೊಳ್ಳೆಮರಿ ತಿನ್ನಲಿ, ನೀವು ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿ ಬಂದಮೇಲೆ ಒಂದು ನಿಮಿಷ ಬಿಟ್ಟು ಇಳಿಸಿ. ಇಬ್ಬರಿಗೆ ದಿನಕ್ಕೆ ಐದಾರು ಲೀಟರ್, ಬೆಳಿಗ್ಗೆ ಬಚ್ಚಲ ಒಲೆಯಲ್ಲೇ ಆಗುತ್ತದೆ. ಮುಚ್ಚಳ ಇರುವ ಬೇರೆ ಪಾತ್ರೆ ಇಡಿ, ಹಂಡೆಯ ನೀರು ಕುಡಿಯಲು ಬೇಡ.